ವೆರ್ನಾಬಾಯಿಯ ಇಂಗ್ಲೆಂಡು

ನಾವಿದ್ದ ಮನೆಯ ಬಾಗಿಲು ಒಮ್ಮೆ ಮುಚ್ಚಿಕೊಂಡಿತೆಂದರೆ ಹೊರಗಿನಿಂದ ಕೀಲಿಕೈ ಇಲ್ಲದೆ ತೆರೆಯುತ್ತಿರಲಿಲ್ಲ. ಹೊರಗಡೆ ತಿರುಗಿಸುವ ಹಿಡಿಕೆ ಇರಲಿಲ್ಲ, ಅಲ್ಲಾಡದ ಒಂದು ಗುಂಡು ಮಾತ್ರ. ಅಪ್ಪನ ಹತ್ತಿರ ಒಂದು ಕೀಲಿಕೈ, ನನ್ನ ಕೊರಳಲ್ಲಿ ಹಸಿರು ದಾರಕ್ಕೆ ಕಟ್ಟಿದ್ದು ಇನ್ನೊಂದು. ಅವ್ವನಿಗೊಂದು ಬೇಕೆಂದರೆ ಮನೆಯ ಮಾಲೀಕರಿಗೆ ಕಾಗದ ಬರೆದು ಒಪ್ಪಿಗೆ ಪಡೆಯಬೇಕಿತ್ತು. ಅಪ್ಪ ಬರೆಯಲಿಲ್ಲ. ‘ಇನ್ನೆರಡು ವರ್ಷ, ಆಮ್ಯಾಲ ಊರಿಗೆ ಹೊಂಟು ಹೋಗೂದೈತಿ’ ಎನ್ನುತ್ತಿದ್ದ. ನಾನು ಎರಡನೆಯ ಇಯತ್ತೆಯಲ್ಲಿದ್ದಾಗಲೂ ಎರಡು ವರ್ಷ, ನಾಲ್ಕನೆಯದಕ್ಕೆ ಬಂದಾಗಲೂ ಎರಡು ವರ್ಷ. ಬಾಗಲಕೋಟೆಯಿಂದ ತಂದ ಸೂಟ್‌ಕೇಸುಗಳು ಕಪಾಟಿನ ಮೇಲೆ ಹಾಗೇ ಕೂತಿದ್ದವು, ಅವ್ವನ ಒಳ್ಳೆಯ ಸೀರೆಗಳು ಅವುಗಳೊಳಗೆ. ಹೋಗುವಾಗ ತೂತು ಮುಚ್ಚಿಸಬೇಕಾಗುತ್ತದೆಂದು ಗೋಡೆಗೆ ಒಂದು ಮೊಳೆ ಕೂಡ ಹೊಡೆದಿರಲಿಲ್ಲ. ದೇವರ ಫೋಟೋ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಗಾಜಿಗೆ ಒರಗಿ ನಿಂತಿರುತ್ತಿತ್ತು. ಗಾಳಿ ಬೇಕಾದಾಗಲೆಲ್ಲ ದೇವರನ್ನು ಎತ್ತಿ ಫ್ರಿಜ್ಜಿನ ಮೇಲಿಟ್ಟು ಕಿಟಕಿ ತೆರೆಯುತ್ತಿದ್ದೆವು.

ಅಪ್ಪ ಜರ್ಮನಿಯ ಅಬ್‌ಸ್ಟಾಟ್‌ನಲ್ಲಿ ಎಂಜಿನಿಯರ್, ಕಾರಿನ ಬ್ರೇಕುಗಳನ್ನು ಪರೀಕ್ಷೆ ಮಾಡುವ ಕೆಲಸ. ನಾವು ಅಲ್ಲಿಂದ ಎರಡು ಊರಾಚೆ, ದ್ರಾಕ್ಷಿ ತೋಟಗಳ ಇಳಿಜಾರಿನ ಬುಡದಲ್ಲಿದ್ದ ಹಳ್ಳಿಯಲ್ಲಿ, ಲಿಫ್ಟಿಲ್ಲದ ಹಳೆಯ ಕಟ್ಟಡದ ನಡುವಿನ ಮಹಡಿಯಲ್ಲಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಯಿಲ್ಲದ ಬಚ್ಚಲು. ಆ ಮನೆಯಲ್ಲಿ ಏನೇನು ಮಾಡಬಾರದು ಎಂಬುದು ನನಗೆ ಮಗ್ಗಿಗಿಂತ ಮೊದಲು ಬಾಯಿಪಾಠವಾಗಿತ್ತು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಮಿಕ್ಸರ್ ಹಾಕಬಾರದು. ರವಿವಾರ ಬಟ್ಟೆ ಒಗೆಯುವ ಮಶೀನು ಹಚ್ಚಬಾರದು. ಒಗ್ಗರಣೆ ಹಾಕುವಾಗ ಮೆಟ್ಟಿಲಿನ ಕಡೆಯ ಬಾಗಿಲು ತೆರೆದಿರಬಾರದು. ಒಂದು ದಿನ ಕೆಳಗಿನ ಮನೆಯವರು ನಮ್ಮ ಬಾಗಿಲಿಗೆ ಚೀಟಿ ಅಂಟಿಸಿದರು. ದಿನಾ ಹನ್ನೆರಡು ಗಂಟೆಗೆ ಏನನ್ನೋ ಬಡಿಯುವ ಸದ್ದು ಬರುತ್ತದೆ, ದಯವಿಟ್ಟು ನಿಲ್ಲಿಸಿ ಎಂದು. ಅದು ಅವ್ವ ಜೋಳದ ರೊಟ್ಟಿ ತಟ್ಟುವ ಸದ್ದು. ಮರುದಿನದಿಂದ ಅವಳು ಹಲಗೆಯ ಕೆಳಗೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಕಿ, ಬೆರಳ ತುದಿಯಲ್ಲೇ ರೊಟ್ಟಿ ತಟ್ಟುವುದನ್ನು ಕಲಿತಳು. ರೊಟ್ಟಿ ದಪ್ಪವಾಗತೊಡಗಿತು. ಅಪ್ಪ ಏನೂ ಅನ್ನದೆ ತಿಂದ.

ಅನ್ನುವುದಿದ್ದರೆ ನನ್ನ ಮೂಲಕ ಅನ್ನುತ್ತಿದ್ದ. ‘ರೂಪಾ, ನಿಮ್ಮವ್ವಗ ಹೇಳು, ನಾಳೆ ತಡಾ ಆಗತೈತಿ.’ ಅವ್ವ ಒಂದು ಮಾರು ದೂರದಲ್ಲಿ ನಿಂತು, ‘ನಿಮ್ಮಪ್ಪಗ ಕೇಳು, ಡಬ್ಬಿ ಬೇಕೋ ಬ್ಯಾಡೋ’ ಎನ್ನುತ್ತಿದ್ದಳು. ಹೊರಗೆ ಹೋದರೂ ನಾನೇ ಬಾಯಿ. ಬ್ರೆಡ್ಡಿನ ಅಂಗಡಿಯಲ್ಲಿ, ಡಾಕ್ಟರ ಬಳಿ, ಬಸ್ಸಿನಲ್ಲಿ. ಊರಲ್ಲಿ ಬಿ.ಎ. ಮುಗಿಸಿ ಮೂರು ವರ್ಷ ಸೊಸೈಟಿಯಲ್ಲಿ ಕೆಲಸ ಮಾಡಿದವಳು ಅವ್ವ. ಸ್ಕೂಟಿ ಹೊಡೆಯುತ್ತಿದ್ದಳು. ಇಲ್ಲಿ ನನ್ನ ತೋಳು ಹಿಡಿದು ನಿಂತು, ಅಂಗಡಿಯವಳು ಕೇಳಿದ್ದಕ್ಕೆ ನನ್ನ ಮುಖ ನೋಡುತ್ತಿದ್ದಳು. ಅವಳು ತಾನೇ ಏನಾದರೂ ಹೇಳಲು ಬಾಯಿ ತೆರೆದರೆ ನಾನು ನಡುವೆ ನುಗ್ಗಿ ಹೇಳಿ ಮುಗಿಸುತ್ತಿದ್ದೆ. ಬೇಗ ಆಗಲಿ ಎಂದು ಹಾಗೆ ಮಾಡುತ್ತಿದ್ದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವೆಂದರೆ ನನಗೆ ಅದು ಸೇರುತ್ತಿತ್ತು. ಒಂಬತ್ತು ವರ್ಷದ ಹುಡುಗಿಗೆ, ತಾನಿಲ್ಲದೆ ದೊಡ್ಡವರು ಹಾಲು ಕೂಡ ಕೊಳ್ಳಲಾರರು ಎಂಬುದು ಸಣ್ಣ ಸಂಗತಿಯಲ್ಲ.

ಮೂರು ವಾರಕ್ಕೊಮ್ಮೆ ನಮ್ಮ ಬಾಗಿಲಿಗೆ ಒಂದು ಮರದ ಫಲಕ ಬಂದು ತೂಗುತ್ತಿತ್ತು. ಕೇರ್‌ವೋಖೆ, ಅಂದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಮ್ಮದು. ಅವ್ವ ಒಬ್ಬಳೇ ಮನೆಯಿಂದ ಹೊರಗೆ ಬರುತ್ತಿದ್ದುದು ಅದೊಂದಕ್ಕೆ. ಒಂದು ಚಳಿಗಾಲದ ಮುಂಜಾನೆ ಅವಳು ಬರಿಗಾಲಲ್ಲಿ ಮೆಟ್ಟಿಲು ಒರೆಸುತ್ತಿದ್ದಾಗ ಗಾಳಿಗೆ ಬಾಗಿಲು ಧಡ್ಡನೆ ಮುಚ್ಚಿಕೊಂಡಿತು. ನಾನು ಶಾಲೆಯಲ್ಲಿ, ಅಪ್ಪ ಕೆಲಸದಲ್ಲಿ. ಒಲೆಯ ಮೇಲೆ ಏನೂ ಇರಲಿಲ್ಲ, ಅಷ್ಟೇ ಪುಣ್ಯ. ಕೆಳಗಿನವರ ಬಾಗಿಲು ಬಡಿಯುವ ಧೈರ್ಯ ಆಗಲಿಲ್ಲ. ಸೆರಗು ಹೊದ್ದು ಮೆಟ್ಟಿಲ ಮೇಲೆ ಕುಳಿತು ಅಳತೊಡಗಿದಳಂತೆ. ಎಷ್ಟೋ ಹೊತ್ತಿನ ಮೇಲೆ ಮೇಲಿನ ಮಹಡಿಯ ಬಾಗಿಲು ತೆರೆದು, ‘ಹಲೋ? ಯಾರದು ಅಳುತ್ತಿರುವುದು?’ ಎಂದು ಇಂಗ್ಲಿಷಿನಲ್ಲಿ ಒಂದು ದನಿ ಕೇಳಿತು.

ಒಂದು ಗಂಟೆಗೆ ನಾನು ಬಂದು ಬಾಗಿಲು ತೆರೆದರೆ ಮನೆಯಲ್ಲಿ ಅವ್ವ ಇಲ್ಲ. ಬಕೆಟ್ಟು ಮೆಟ್ಟಿಲ ಮೇಲಿದೆ, ನೀರು ತಣ್ಣಗಾಗಿದೆ. ‘ಅವ್ವಾ!’ ಎಂದು ಕೂಗಿದೆ. ಆಗ ಮೇಲಿನಿಂದ ನಗು ಕೇಳಿಸಿತು. ಎರಡು ನಗು. ಒಂದು ದಪ್ಪ ದನಿಯದು, ನನಗೆ ಗೊತ್ತಿಲ್ಲದ್ದು. ಇನ್ನೊಂದು ಅವ್ವನದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮೇಲಿದ್ದವಳು ವೆರ್ನಾ ಎಂಬ ಅಮೆರಿಕದ ವಿಧವೆ. ಗಂಡ ಸೈನ್ಯದ ಜೊತೆ ಇಲ್ಲಿಗೆ ಬಂದವನು ನೌಕರಿ ಬಿಟ್ಟ ಮೇಲೂ ಊರು ಇಷ್ಟವಾಗಿ ಇಲ್ಲೇ ಉಳಿದಿದ್ದ, ಇಲ್ಲೇ ತೀರಿಕೊಂಡಿದ್ದ. ಅವಳಿಗೆ ಎರಡೂ ಮೊಣಕಾಲು ಹೋಗಿದ್ದವು. ಮೆಟ್ಟಿಲು ಇಳಿದರೆ ಹತ್ತಲಾರಳು. ವಾರಕ್ಕೊಮ್ಮೆ ಸಾಮಾನು ತಂದುಕೊಡುವವರು ಬರುತ್ತಿದ್ದರು, ಉಳಿದ ದಿನ ಅವಳು ಮತ್ತು ಅವಳ ಟಿ.ವಿ. ನನ್ನನ್ನು ‘ಹನಿ’ ಎಂದು ಕರೆಯುತ್ತಿದ್ದಳು. ಅವ್ವ ಅದನ್ನು ಮಳೆಹನಿ ಎಂದೇ ತಿಳಿದು, ‘ಚೊಲೋ ಹೆಸರಿಟ್ಟಾಳ ನಿನಗ’ ಎಂದು ಖುಷಿಪಟ್ಟಳು. ಅವ್ವ ಅವಳನ್ನು ಮೊದಲ ದಿನದಿಂದಲೇ ವೆರ್ನಾಬಾಯಿ ಎಂದಳು. ಬಾಯಿ ಎಂದರೆ ಗೌರವ ಎಂದು ನಾನು ತಿಳಿಸಿದ ಮೇಲೆ ಆಕೆ ಫೋನಿನಲ್ಲಿ ತಂಗಿಗೆ ‘ನಾನೀಗ ವೆರ್ನಾಬಾಯಿ’ ಎಂದು ಹೇಳಿಕೊಂಡಳು.

ವೆರ್ನಾಬಾಯಿ ನೋಡುತ್ತಿದ್ದುದು ಇಂಗ್ಲೆಂಡಿನ ಧಾರಾವಾಹಿಗಳನ್ನು, ಬೇರೆ ಏನನ್ನೂ ಅಲ್ಲ. ಓಹಾಯೋದಲ್ಲಿದ್ದ ತಂಗಿ ಜೀನ್ ಡಿ.ವಿ.ಡಿ.ಗಳನ್ನು ಡಬ್ಬಿಯಲ್ಲಿ ತುಂಬಿ ಕಳಿಸುತ್ತಿದ್ದಳು. ಅಕ್ಕ-ತಂಗಿ ಒಂದೇ ವಾರ ಒಂದೇ ಕಂತು ನೋಡಿ, ರವಿವಾರ ಸಂಜೆ ಫೋನಿನಲ್ಲಿ ಅದರ ಬಗ್ಗೆ ಜಗಳಾಡುತ್ತಿದ್ದರು. ಅವರ ತಾಯಿಯ ಕಾಲದಿಂದ ಬಂದ ರೂಢಿ ಅದು. ರವಿವಾರ ಸಂಜೆ ಎಲ್ಲರೂ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಟಿ.ವಿ. ಮುಂದೆ ಕೂರಬೇಕು, ಇಂಗ್ಲೆಂಡಿನವರು ಮಾತಾಡುವಾಗ ಮನೆಯವರು ಯಾರೂ ಮಾತಾಡಕೂಡದು. ಅಷ್ಟು ಪ್ರೀತಿಯಿದ್ದವಳು ಒಮ್ಮೆಯೂ ಇಂಗ್ಲೆಂಡಿಗೆ ಹೋಗಿರಲಿಲ್ಲ. ಇಷ್ಟು ಹತ್ತಿರವಿದ್ದೂ ಯಾಕೆ ಹೋಗಲಿಲ್ಲ ಎಂದು ಕೇಳಿದೆ.

‘ಗಂಡ ಎಷ್ಟೋ ಸಲ ಕರೆದ. ನಾನೇ ಒಲ್ಲೆ ಅಂದೆ. ಅದು ಹೀಗಿರದಿದ್ದರೆ ಏನು ಮಾಡಲಿ, ಹನಿ?’

ಅಂದಿನಿಂದ ಅವ್ವ ಮತ್ತು ನಾನು ದಿನಾ ಎರಡು ಗಂಟೆಗೆ ಮೇಲೆ ಹೋಗತೊಡಗಿದೆವು. ಅಪ್ಪನಿಗೆ ಹೇಳಲಿಲ್ಲ. ಹೇಳಬಾರದೆಂದು ಯಾರೂ ನಿರ್ಧರಿಸಿರಲಿಲ್ಲ, ಸುಮ್ಮನೆ ಹೇಳಲಿಲ್ಲ. ಹಸಿರು ವೆಲ್ವೆಟ್ಟಿನ ಸೋಫಾದ ಒಂದು ತುದಿಗೆ ವೆರ್ನಾಬಾಯಿ, ಇನ್ನೊಂದು ತುದಿಗೆ ಅವ್ವ, ನಡುವೆ ನಾನು, ಊರಿನ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಬಲದ ಮೇಲೆ ಇಬ್ಬರಿಗೂ ಬಾಯಿಯಾಗಿ. ನಮಗೆಲ್ಲ ಅತಿ ಇಷ್ಟವಾದದ್ದು ಒಂದು ಬಸ್ ಡಿಪೋದ ಕ್ಯಾಂಟೀನಿನ ಕಥೆ. ಅದನ್ನು ನಡೆಸುವ ಅಣ್ಣ-ತಂಗಿ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾರೆ. ಒಂದೇ ಕಟ್ಟೆಯ ಹಿಂದೆ ನಿಂತು ಗಿರಾಕಿಗಳ ಮೂಲಕ ಮಾತಾಡುತ್ತಾರೆ. ‘ನನ್ನ ಪಕ್ಕದಲ್ಲಿ ನಿಂತಿರುವ ಮಹಾಶಯರಿಗೆ ದಯಮಾಡಿ ತಿಳಿಸಿ, ಹಾಲು ಒಡೆದಿದೆ.’ ವೆರ್ನಾಬಾಯಿ ನಕ್ಕು ನಕ್ಕು ಸೋಫಾದ ಕೈಯನ್ನು ಗುದ್ದುತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ನಮಗೆ ವಿವರಿಸುತ್ತಿದ್ದಳು.

‘ನಮ್ಮ ಅಮೆರಿಕದ ಧಾರಾವಾಹಿಯಲ್ಲಿ ಸಿಟ್ಟು ಬಂದರೆ ಸಿಟ್ಟು ಬಂದಿದೆ ಅಂತ ಕೂಗುತ್ತಾರೆ. ಅಳು ಬಂದರೆ ಅಳುತ್ತಾರೆ. ಇವರಿಗೆ ಸಿಟ್ಟು ಬಂದರೆ ಇನ್ನೊಂದು ಕಪ್ ಚಹಾ ಕೊಡುತ್ತಾರೆ. ಆ ಕಪ್ಪು ಹೇಗೆ ಇಟ್ಟರು ನೋಡಬೇಕು, ಎಲ್ಲಾ ಅದರಲ್ಲೇ ಇದೆ. ಅರ್ಧ ಮಾತು ನನಗೂ ತಿಳಿಯುವುದಿಲ್ಲ. ಅದೂ ಒಂದು ಸುಖ.’

ನಾನು ಅದನ್ನು ಅವ್ವನಿಗೆ ಹೇಳಿದೆ. ಅವ್ವ ಟಿ.ವಿ.ಯ ಕಡೆಯೇ ನೋಡುತ್ತ ಅಂದಳು:

‘ನಮ್ಮ ಮನ್ಯಾಗೂ ಹಂಗ ಅಲ್ಲೇನು? ನಮಗ್ಯಾಕ ನಗು ಬರವಲ್ದು?’

ವೆರ್ನಾಬಾಯಿ ‘ಏನಂದಳು, ಏನಂದಳು?’ ಎಂದು ಕೇಳಿದಳು. ಚಹಾ ಚೆನ್ನಾಗಿದೆ ಅಂದಳು ಎಂದೆ. ಸುಳ್ಳು ಹಾಗೆ ಸಲೀಸಾಗಿ ಬರುತ್ತಿತ್ತು ನನಗೆ.

ಅದೇ ಹೊತ್ತಿಗೆ ಶಾಲೆಯಿಂದ ಹಳದಿ ಕಾಗದ ಬಂತು. ಬೇರೆ ದೇಶದಿಂದ ಬಂದ ತಾಯಂದಿರಿಗೆ ಶಾಲೆಯ ಕೆಳಕೋಣೆಯಲ್ಲಿ ಸೋಮವಾರ ಮತ್ತು ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ ಜರ್ಮನ್ ಪಾಠ, ಶುಲ್ಕವಿಲ್ಲ, ಬರುವವರು ಕೆಳಗೆ ಸಹಿ ಮಾಡಿ ಕಳಿಸಿ ಎಂದು. ನಾನು ಮನೆಗೆ ನಡೆದು ಬರುವ ದಾರಿಯಲ್ಲಿ ಅದನ್ನು ಎರಡು ಸಲ ಓದಿದೆ. ಎರಡು ಗಂಟೆ ಎಂದರೆ ವೆರ್ನಾಬಾಯಿಯ ಸೋಫಾದ ಹೊತ್ತು. ಅವ್ವ ಪಾಠಕ್ಕೆ ಹೋದರೆ ಆ ಸೋಫಾದಲ್ಲಿ ನಡುವೆ ಕೂರುವವಳು ಯಾರಿಗೆ ಬೇಕು? ಅಂಗಡಿಯಲ್ಲಿ ನನ್ನ ಮುಖ ಯಾರು ನೋಡುತ್ತಾರೆ? ಇಷ್ಟು ಸ್ಪಷ್ಟವಾಗಿ ಯೋಚಿಸಿದೆನೋ ಇಲ್ಲವೋ ತಿಳಿಯದು. ಬಾಗಿಲು ತೆರೆಯುವ ಮೊದಲು ಕಾಗದವನ್ನು ಸಣ್ಣಗೆ ಮಡಚಿದ್ದು ನೆನಪಿದೆ.

‘ಏನದು ಕಾಗದ?’ ಎಂದು ಅವ್ವ ಕೇಳಿದಳು.

‘ಸಾಲ್ಯಾಗ ಯಾರಿಗೋ ತಲ್ಯಾಗ ಹೇನು ಆಗ್ಯಾವಂತ. ಎಲ್ಲಾರೂ ನೋಡ್ಕೋರಿ ಅಂತ.’

ಅವ್ವ ಅಂದು ಸಂಜೆ ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಸಣ್ಣ ಹಲ್ಲಿನ ಹಣಿಗೆಯಿಂದ ಒಂದು ತಾಸು ತಲೆ ಬಾಚಿದಳು. ಬಾಚಿ ಬಾಚಿ ಬಿಳಿ ಕಾಗದದ ಮೇಲೆ ಕೊಡವಿ ನೋಡಿದಳು. ಏನೂ ಬೀಳಲಿಲ್ಲ. ಮುಂದಿನ ತಿಂಗಳು ಇನ್ನೊಂದು ಹಳದಿ ಕಾಗದ ಬಂತು, ಮತ್ತೆ ಹೇನು ಎಂದೆ, ಮತ್ತೆ ಬಾಚಿದಳು. ಮೂರನೆಯದೂ ಬಂತು. ಅವಳ ಬೆರಳು ನನ್ನ ಕಿವಿಯ ಹಿಂದೆ ಕೂದಲು ಸರಿಸುತ್ತಿದ್ದಾಗ ನಾನು ಅಲ್ಲಾಡದೆ ಕೂತಿರುತ್ತಿದ್ದೆ. ಎದ್ದು ಹೋಗುವಂತಿರಲಿಲ್ಲ, ನಿಜ ಹೇಳುವಂತಿರಲಿಲ್ಲ. ಕಾಗದಗಳನ್ನು ಎಸೆಯಲೂ ಧೈರ್ಯವಾಗದೆ ನಕ್ಷೆಗಳ ಪುಸ್ತಕದೊಳಗೆ ಇಟ್ಟಿದ್ದೆ.

ನನ್ನ ಗಮನಕ್ಕೆ ಬಾರದ ಒಂದು ಸಂಗತಿ ಆ ಸೋಫಾದ ಮೇಲೆ ನಡೆಯುತ್ತಿತ್ತು. ಅವ್ವನಿಗೆ ಓದಿ ಬರೆಯುವ ಇಂಗ್ಲಿಷು ಮೊದಲಿನಿಂದಲೂ ಇತ್ತು, ಕಿವಿಗೆ ಮಾತ್ರ ಹತ್ತಿರಲಿಲ್ಲ. ವೆರ್ನಾಬಾಯಿ ಅವಳಿಗೆಂದೇ ಪರದೆಯ ಕೆಳಗೆ ಅಕ್ಷರ ಬರುವಂತೆ ಮಾಡಿದ್ದಳು. ನಾನು ಮೊದಮೊದಲು ಸಾಲು ಸಾಲಿಗೂ ಅರ್ಥ ಹೇಳುತ್ತಿದ್ದವಳು ಈಗ ಅವ್ವ ಕೇಳಿದಾಗ ಮಾತ್ರ ಹೇಳುತ್ತಿದ್ದೆ. ಅವಳು ಕೇಳುವುದು ಕಡಿಮೆಯಾಗಿದ್ದೇಕೆ ಎಂದು ನಾನು ಯೋಚಿಸಲಿಲ್ಲ. ಒಮ್ಮೆ ಮೆಟ್ಟಿಲ ಮೇಲೆ ಕೆಳಗಿನ ಮನೆಯಾತ ಎದುರಾಗಿ ಏನೋ ಗೊಣಗಿದಾಗ ಅವ್ವ ನೆಟ್ಟಗೆ ನಿಂತು ‘ಐ ಬೆಗ್ ಯುವರ್ ಪಾರ್ಡನ್?’ ಎಂದಳು, ರಾಣಿಯ ಹಾಗೆ. ಆತ ದಾರಿ ಬಿಟ್ಟ. ನಾನು ನಕ್ಕೆ, ಅಷ್ಟೇ.

ವಸಂತದಲ್ಲಿ ಜೀನ್ ಕಳಿಸಿದ ಡಬ್ಬಿಯಲ್ಲಿ ಹೊಸದೊಂದು ಕಥೆ ಬಂತು. ಸಮುದ್ರದ ದಂಡೆಯ ಮೇಲೆ ಒಂಟಿ ಮನೆ, ಕಣ್ಣು ಕಾಣದ ಮುದುಕಿ, ಅವಳಿಗೆ ಓದಿ ಹೇಳಲೆಂದು ಇಟ್ಟುಕೊಂಡ ಒಂದು ಹುಡುಗಿ. ದೂರದೇಶದಲ್ಲಿರುವ ಮಗ ಕಾಗದ ಬರೆಯುತ್ತಾನೆ. ಮೂರನೆಯ ಕಂತಿನಲ್ಲಿ ಅವನು ಬರೆದಿದ್ದ: ಅಮ್ಮಾ, ಬೇಸಿಗೆಗೆ ಬಂದು ನಿನ್ನನ್ನು ಕರೆದೊಯ್ಯುತ್ತೇನೆ. ಹುಡುಗಿ ಕಾಗದವನ್ನು ಮೊದಲು ಮನಸ್ಸಿನಲ್ಲಿ ಓದಿಕೊಂಡಳು. ಪರದೆಯ ಮೇಲೆ ಆ ಸಾಲು ಕಾಣಿಸಿತು. ಆಮೇಲೆ ಗಟ್ಟಿಯಾಗಿ, ನಗುಮುಖದಿಂದ, ಈ ವರ್ಷ ಬರಲಾಗುವುದಿಲ್ಲವಂತೆ, ಚೆನ್ನಾಗಿದ್ದಾರಂತೆ ಎಂದು ಓದಿದಳು. ವೆರ್ನಾಬಾಯಿ ಸೋಫಾದಲ್ಲಿ ಮುಂದಕ್ಕೆ ಬಾಗಿದಳು.

‘ಅಯ್ಯೋ ಕಳ್ಳಿ! ನೋಡು, ನೋಡು ಅವಳನ್ನು. ಮುಖದಲ್ಲಿ ಒಂದು ಗೆರೆ ಕೂಡ ಅಲ್ಲಾಡಲಿಲ್ಲ!’

ಆಕೆಗೆ ಖುಷಿಯೋ ಖುಷಿ. ನಾನು ಕೊರಳಿನ ಹಸಿರು ದಾರವನ್ನು ಬೆರಳಿಗೆ ಸುತ್ತುತ್ತಿದ್ದೆ. ಆಗ ಅವ್ವ ಬಹಳ ದಿನಗಳ ಮೇಲೆ ನನ್ನನ್ನು ಕೇಳಿದಳು.

‘ಆ ಹುಡುಗಿ ಏನ್ ಓದಿದ್ಲು?’

‘ಮಗ ಆರಾಮ ಅದಾನಂತ.’

‘ಮತ್ತ ಕಾಗದದಾಗ ಏನ್ ಬರದಿತ್ತು?’

‘ಅದ. ಆರಾಮ ಅದೀನಿ ಅಂತ.’

ಅವ್ವ ನನ್ನನ್ನು ನೋಡಲಿಲ್ಲ. ನನ್ನ ತಲೆಯ ಮೇಲಿಂದ ವೆರ್ನಾಬಾಯಿಯ ಕಡೆ ತಿರುಗಿ, ಒಂದೊಂದೇ ಶಬ್ದ ಆರಿಸಿ ಇಟ್ಟ ಹಾಗೆ, ಇಂಗ್ಲಿಷಿನಲ್ಲಿ ಹೇಳಿದಳು: ಅಲ್ಲಿ ಬರೆದದ್ದನ್ನು ಅವಳು ಓದುತ್ತಿಲ್ಲ. ತನ್ನ ಕೆಲಸ ಹೋಗುತ್ತದೆಂದು ಹೆದರಿದ್ದಾಳೆ.

‘ಸರಿಯಾಗಿ ಹೇಳಿದೆ!’ ಎಂದು ವೆರ್ನಾಬಾಯಿ ಚಪ್ಪಾಳೆ ತಟ್ಟಿದಳು. ಅವರಿಬ್ಬರೂ ನನ್ನ ನೆರವಿಲ್ಲದೆ ಆಡಿದ ಮೊದಲ ಮಾತು ಅದು ಎಂದು ನಾನು ಅಂದುಕೊಂಡೆ. ಮೊದಲನೆಯದಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮುಂಜಾನೆ ನಾನು ಶಾಲೆಯಲ್ಲಿದ್ದಾಗ ಅವ್ವ ಬಾಗಿಲಿಗೆ ಚಪ್ಪಲಿ ಅಡ್ಡ ಇಟ್ಟು ಮೇಲೆ ಹೋಗಿ ಬರುತ್ತಿದ್ದಳಂತೆ.

ಎರಡು ದಿನ ಅವ್ವ ಏನೂ ಕೇಳಲಿಲ್ಲ. ಅನ್ನ ಬಡಿಸಿದಳು, ತಲೆ ಹೆಣೆದಳು, ಡಬ್ಬಿ ಕಟ್ಟಿದಳು. ಎಲ್ಲವೂ ಎಂದಿನಂತೆ ಇತ್ತು. ಆ ಎರಡು ಕೋಣೆಗಳಲ್ಲಿ ಅವಳಿಂದ ತಪ್ಪಿಸಿಕೊಂಡು ನಿಲ್ಲಲು ಒಂದು ಮೂಲೆ ಇರಲಿಲ್ಲ. ಬಚ್ಚಲಲ್ಲಿ ಹೋಗಿ ಕೂತರೆ ಗಾಳಿ ಎಳೆಯುವ ಫ್ಯಾನು ಗುಂಯ್ಗುಟ್ಟುತ್ತಿತ್ತು. ಮೂರನೆಯ ದಿನ ಶಾಲೆಯಿಂದ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಮೂರು ಹಳದಿ ಕಾಗದಗಳು ಒಂದರ ಪಕ್ಕ ಒಂದು ಹರಡಿದ್ದವು, ಹತ್ತಿರದಲ್ಲೇ ನನ್ನ ನಕ್ಷೆಗಳ ಪುಸ್ತಕ.

‘ಕುಂದ್ರು. ಓದು’ ಎಂದಳು.

‘ಅವ್ವಾ, ನಾ…’

‘ಮೊದ್ಲ ಜರ್ಮನ್‌ದಾಗ ಓದು. ಆಮ್ಯಾಲ ಕನ್ನಡದಾಗ ಹೇಳು. ಒಂದೊಂದ ಸಾಲ.’

ಓದಿದೆ. ಪ್ರಿಯ ತಾಯಂದಿರೇ. ಅವ್ವ ತಲೆಯಾಡಿಸಿದಳು, ಮೊದಲೇ ಮೇಲೆ ಓದಿಸಿಕೊಂಡು ಬಂದವಳ ಹಾಗೆ. ಶಾಲೆಯ ಕೆಳಕೋಣೆಯಲ್ಲಿ. ಸೋಮವಾರ ಮತ್ತು ಬುಧವಾರ. ಶುಲ್ಕವಿಲ್ಲ. ‘ನಿಮ್ಮನ್ನು ಭೇಟಿಯಾಗಲು ನಮಗೆ ಸಂತೋಷ’ ಎಂಬಲ್ಲಿಗೆ ಬಂದಾಗ ನಾನು ಅಳತೊಡಗಿದೆ. ಅವ್ವ ಕಾಯ್ದಳು. ಬೈಯಲಿಲ್ಲ, ಹೊಡೆಯಲಿಲ್ಲ, ನೀರೂ ಕೊಡಲಿಲ್ಲ. ನಾನು ಅಳು ಮುಗಿಸಿ ಕೊನೆಯ ಸಾಲು ಓದುವವರೆಗೆ ಕಾಯ್ದಳು. ಆಮೇಲೆ ನನ್ನ ಪೆನ್ನು ತೆಗೆದುಕೊಂಡು ಮೂರನೆಯ ಕಾಗದದ ಕೆಳಗೆ ಸಹಿ ಮಾಡಿದಳು. ಕನ್ನಡದಲ್ಲಿ, ಸೊಸೈಟಿಯಲ್ಲಿ ಮಾಡುತ್ತಿದ್ದಂತೆ, ಕೆಳಗೊಂದು ಗೆರೆ ಎಳೆದು.

‘ಮೂರ ಸಲ ನಿನ್ನ ತಲಿ ಬಾಚೀನಿ ನಾ’ ಎಂದಳು. ಅಷ್ಟೇ ಅಂದದ್ದು. ಇಷ್ಟು ವರ್ಷಗಳ ಮೇಲೂ ಆ ಮಾತು ನೆನಪಾದರೆ ಕೂತಲ್ಲಿ ಕೂರಲಾಗುವುದಿಲ್ಲ.

ಆ ಸಂಜೆ ಅಪ್ಪ ಬಂದು ಊಟಕ್ಕೆ ಕೂತಾಗ ಅವ್ವ ನನ್ನ ಕಡೆ ನೋಡದೆ ನೇರವಾಗಿ ಅವನಿಗೇ ಹೇಳಿದಳು.

‘ಸೋಮವಾರದಿಂದ ನಾ ಜರ್ಮನ್ ಕಲೀಲಿಕ್ಕೆ ಹೊಂಟೀನಿ. ನನಗೊಂದು ಕೀಲಿಕೈ ಮಾಡಸ್ರಿ.’

‘ಯಾಕ ಬೇಕದು? ಇನ್ನೆರಡು ವರ್ಷ…’

‘ಎರಡು ವರ್ಷಕ್ಕ ಹೋಗೂದಿದ್ರ ಎರಡು ವರ್ಷ ಕಲೀತೀನಿ.’

‘ಕೂಸಿನ್ನ ಯಾರು ನೋಡ್ಕೋತಾರ?’

‘ಮ್ಯಾಲ ವೆರ್ನಾಬಾಯಿ ಅದಾಳ. ಇಷ್ಟು ದಿನ ನನ್ನ ನೋಡ್ಕೊಂಡಾಕಿ, ಇಕಿನ್ನ ನೋಡೂದಿಲ್ಲೇನು?’

ವೆರ್ನಾಬಾಯಿ ಯಾರೆಂಬುದು ಅಪ್ಪನಿಗೆ ಗೊತ್ತಿರಲಿಲ್ಲ. ಅವ್ವ ಎಲ್ಲ ಹೇಳಿದಳು, ಮುಚ್ಚಿಕೊಂಡ ಬಾಗಿಲು, ಬರಿಗಾಲು, ಸೋಫಾ, ಎಲ್ಲ. ಹಳದಿ ಕಾಗದದ ಮಾತು ಮಾತ್ರ ಎತ್ತಲಿಲ್ಲ. ಅಪ್ಪ ತುತ್ತು ಕೈಯಲ್ಲಿ ಹಿಡಿದೇ ಕೂತಿದ್ದ. ಕೂಗಾಡುತ್ತಾನೆಂದು ನಾನು ಕಾಯುತ್ತಿದ್ದೆ. ಅವನು ತಟ್ಟೆ ನೋಡುತ್ತ ಮೆಲ್ಲಗೆ ಅಂದ:

‘ನನಗರೆ ಅಲ್ಲಿ ಏನ್ ತಿಳೀತೈತಿ ಅನ್ಕೊಂಡಿ? ಮೀಟಿಂಗ್ ಇಂಗ್ಲಿಷ್‌ದಾಗ ಚಾಲೂ ಮಾಡ್ತಾರ. ಹತ್ತು ನಿಮಿಷಕ್ಕ ಜರ್ಮನ್‌ಗೆ ಹೋಗಿಬಿಡ್ತಾರ. ಅವರು ನಕ್ಕಾಗ ನಾನೂ ನಗ್ತೀನಿ.’

ಅವ್ವ ಎದ್ದು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಆ ಶನಿವಾರ ಅಪ್ಪ ಮಾಲೀಕರಿಗೆ ಕಾಗದ ಬರೆದ. ನಾನು ತಪ್ಪು ತಿದ್ದಿಕೊಟ್ಟೆ.

ಅವ್ವ ಪಾಠಕ್ಕೆ ಹೋದ ದಿನಗಳಲ್ಲಿ ನಾನು ಮೇಲಿನ ಮನೆಯಲ್ಲಿ ಒಬ್ಬಳೇ ಇರುತ್ತಿದ್ದೆ. ವೆರ್ನಾಬಾಯಿ ಟಿ.ವಿ. ಹಾಕಲು ಒಪ್ಪುತ್ತಿರಲಿಲ್ಲ. ‘ನಿನ್ನಮ್ಮ ಬರಲಿ, ಹನಿ. ನಿನಗೆ ಎಲ್ಲ ತಿಳಿಯುತ್ತದೆ, ನಿನ್ನ ಜೊತೆ ನೋಡಿ ಏನು ಮಜಾ?’ ಎನ್ನುತ್ತಿದ್ದಳು. ತಮಾಷೆಗೇ ಅಂದದ್ದು. ಆ ಎರಡೂವರೆ ಗಂಟೆ ನಾನು ಸೋಫಾದ ನಡುವೆ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದೆ. ಆಕೆ ತೂಕಡಿಸುತ್ತಿದ್ದಳು. ಅವ್ವ ಇಷ್ಟು ವರ್ಷ ಮುಂಜಾನೆಗಳನ್ನು ಹೇಗೆ ಕಳೆದಿರಬಹುದು ಎಂದು ನನಗೆ ಮೊದಲ ಸಲ ತಿಳಿಯಿತು.

ಪಾಠ ಶುರುವಾಗಿ ಆರೇಳು ವಾರವಾಗಿರಬೇಕು. ಒಂದು ಸೋಮವಾರ ಸಂಜೆ ಪಾಠದಿಂದ ಬಂದ ಅವ್ವನನ್ನು ಎದುರುಗೊಳ್ಳಲು ಇಳಿದು ಹೋದರೆ ಕೆಳಗಿನ ಬಾಗಿಲ ಹತ್ತಿರ ನೋಟೀಸು ಅಂಟಿಸಿದ್ದರು. ನಾನು ಅದರ ಮೇಲೆ ಕಣ್ಣು ಹಾಯಿಸಿದ್ದನ್ನು ಕಂಡು ಅವ್ವ ಕೈ ಅಡ್ಡ ಹಿಡಿದಳು. ‘ನಾ ಓದ್ತೀನಿ, ನೀ ಸುಮ್ಮಿರು.’ ಚೀಲದಿಂದ ಸಣ್ಣ ನಿಘಂಟು ತೆಗೆದು, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಹದಿನೈದು ನಿಮಿಷ ಓದಿದಳು. ರಿಪೇರಿ ಕೆಲಸ, ಗುರುವಾರ ಒಂದರಿಂದ ಐದರವರೆಗೆ ನೀರು ಬರುವುದಿಲ್ಲ ಎಂದು ಅದರಲ್ಲಿತ್ತು. ಜರ್ಮನ್‌ನಲ್ಲಿ ಮಂಗಳವಾರಕ್ಕೂ ಗುರುವಾರಕ್ಕೂ ಹೆಸರು ಒಂದೇ ಅಕ್ಷರದಿಂದ ಶುರುವಾಗುತ್ತದೆ.

‘ನಾಳೆ ಮಧ್ಯಾಹ್ನ ನೀರು ಬಂದ್’ ಎಂದು ಅವ್ವ ಗೆದ್ದವಳ ಹಾಗೆ ಹೇಳಿದಳು.

ನಾನು ಬಾಯಿ ತೆರೆದು ಮುಚ್ಚಿದೆ. ಅವಳು ಮೇಲೆ ಹೋಗಿ ವೆರ್ನಾಬಾಯಿಗೂ ಇಂಗ್ಲಿಷಿನಲ್ಲಿ ತಿಳಿಸಿ ಬಂದಳು. ಮರುದಿನ ಮನೆಯಲ್ಲಿದ್ದ ಬೋಗುಣಿ, ಕುಕ್ಕರು, ಬಕೆಟ್ಟು, ಕೊನೆಗೆ ಹೂದಾನಿ ಕೂಡ ತುಂಬಿದವು. ಮಧ್ಯಾಹ್ನವಿಡೀ ನಲ್ಲಿಯಲ್ಲಿ ನೀರು ಬರುತ್ತಲೇ ಇತ್ತು. ‘ಜರ್ಮನ್‌ರೂ ಹೇಳಿದ ಹೊತ್ತಿಗೆ ಮಾಡೂದಿಲ್ಲ ನೋಡು’ ಎಂದು ಅವಳಿಗೆ ಒಂದು ಥರದ ಸಮಾಧಾನವೇ ಆಯಿತು. ಅಪ್ಪ ಬುಧವಾರ ಮುಂಜಾನೆ ಬಕೆಟ್ಟಿನ ನೀರಲ್ಲಿ ಸ್ನಾನ ಮಾಡಿ ಹೋದ. ಉಳಿದದ್ದನ್ನು ಅವ್ವ ಮೆಟ್ಟಿಲು ಒರೆಸಲು ಬಳಸಿದಳು.

ಗುರುವಾರ ಒಂದು ಗಂಟೆಗೆ ನಾನು ಶಾಲೆಯಿಂದ ಬಂದಾಗ ಅವಳ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಮೊಣಕೈಯಿಂದ ನಲ್ಲಿ ತಿರುಗಿಸಿದಳು. ನಲ್ಲಿ ಎರಡು ಸಲ ಕೆಮ್ಮಿ ನಿಂತಿತು. ಮನೆಯಲ್ಲಿ ಒಂದು ಲೋಟ ನೀರಿರಲಿಲ್ಲ. ಮೇಲಿನಿಂದ ವೆರ್ನಾಬಾಯಿ ಕೋಲಿನಿಂದ ನೆಲ ಕುಟ್ಟುವುದು ಕೇಳಿಸಿತು.

ಅವ್ವ ನಲ್ಲಿಯನ್ನು ನೋಡಿದಳು, ಫ್ರಿಜ್ಜಿಗೆ ಅಂಟಿಸಿದ್ದ ಕ್ಯಾಲೆಂಡರು ನೋಡಿದಳು, ಆಮೇಲೆ ನನ್ನನ್ನು.

‘ನಿನಗ ಗೊತ್ತಿತ್ತು.’

‘ಹೂಂ.’

‘ಮತ್ತ ಯಾಕ ಹೇಳಲಿಲ್ಲ?’

‘ಸುಮ್ಮಿರು ಅಂದಿದ್ದಿ. ಕೇಳಲಿಲ್ಲ ನೀ.’

ಅವಳು ಹಿಟ್ಟಿನ ಕೈಗಳನ್ನು ಎತ್ತಿ ನೋಡಿಕೊಂಡಳು. ಹಿಟ್ಟು ಒಣಗಿ ಬಿರಿಯತೊಡಗಿತ್ತು.

‘ಇನ್ನ ಮ್ಯಾಲ ಕೇಳ್ತೀನಿ’ ಎಂದಳು. ‘ಕೇಳಿದಾಗ ಖರೇ ಹೇಳು.’